ಧಾರೆ ರವಿಕೆಗೆ ಹೂ ಹಾಕಿದವರು

ಸಭೆ ಸಮಾರಂಭಗಳಲ್ಲಿ ನನ್ನ ಪರಿಚಯ ಮಾಡಿಕೊಡುವವರು ಬೇರೆ ಏನನ್ನು ಮರೆತರೂ ಒಂದು ಮಾತನ್ನು ಮಾತ್ರ ಮರೆಯುವುದಿಲ್ಲ. ಯಾರೋ ಒಬ್ಬರು ಒಮ್ಮೆ ಹೇಳಿದ್ದನ್ನು ಇನ್ನೊಬ್ಬರು ಹಿಡಿದುಕೊಂಡರು, ಈಗ ಹೋದಲ್ಲೆಲ್ಲ ಅದೇ ರಾಗ. “ಕಸೂತಿಯ ಬಗ್ಗೆ, ನಮ್ಮ ಹೆಂಗಸರ ಉಡುಗೆಯ ಚರಿತ್ರೆಯ ಬಗ್ಗೆ ಇಷ್ಟೆಲ್ಲ ಬರೆದಿರುವ ಇವರಿಗೆ ಈ ಕಲೆ ತಂದೆಯಿಂದ ಬಂದ ಬಳುವಳಿ. ಇವರ ತಂದೆ ಸಾಗರದಲ್ಲಿ ಹೂವಿನ ಕೆಲಸಕ್ಕೆ ಹೆಸರಾದ ಟೈಲರ್ ಮಾಸ್ತರು.” ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತೇನೆ. ಒಂದು ಸಲ ತಡೆಯಲಾರದೆ ಮೈಕು ಕಿತ್ತುಕೊಂಡು, “ತಂದೆಯಿಂದ ನನಗೆ ಬಂದದ್ದು ಈ ಮೊಂಡು ಮೂಗು ಮತ್ತು ಸಕ್ಕರೆ ಕಾಯಿಲೆ. ಇನ್ನೇನೂ ಬಂದಿಲ್ಲ” ಎಂದೆ. ತಮಾಷೆ ಎಂದುಕೊಂಡು ನಕ್ಕರು. ನನಗೆ ತಮಾಷೆ ಮಾಡುವ ಉದ್ದೇಶ ಒಂಚೂರೂ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಈಗ ನನಗೆ ಎಪ್ಪತ್ತು ಹತ್ತಿರ. ಉರಿ ಇನ್ನೂ ಇಳಿದಿಲ್ಲ, ಇಳಿಯುವ ಲಕ್ಷಣವೂ ಕಾಣುವುದಿಲ್ಲ. ಅದಕ್ಕೇ ಆ ಮನೆಯ ಸಂಗತಿಯನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ.

ಸಾಗರದ ಪೇಟೆ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಮನೆ ಅಂದರೆ ಸಾಲಾಗಿ ಮೂರು ಕೋಣೆ. ಬೀದಿಗೆ ಮುಖ ಮಾಡಿದ್ದು ಅಂಗಡಿ ಕೋಣೆ, ಬೆಳಿಗ್ಗೆ ಅದರ ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದೆವು. ಅದರ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ. ಆಮೇಲೆ ಹಿತ್ತಿಲು, ಬಾವಿ, ಬಚ್ಚಲು, ಮೂಲೆಯಲ್ಲಿ ಸೌದೆ ತುಂಬುವ ಒಂದು ಸಣ್ಣ ಕೋಣೆ. ಅಂಗಡಿಗೂ ನಡುಮನೆಗೂ ಮಧ್ಯೆ ಬಾಗಿಲಿತ್ತು, ಬಾಗಿಲಿಗೊಂದು ಪರದೆ. ಉಳಿದ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಅಪ್ಪನೇ ಹೊಲಿದದ್ದು. ಅಪ್ಪ ಮೆಷಿನ್ನು ಇಟ್ಟುಕೊಂಡು ಪರದೆಯ ಆಚೆ ಕೂರುತ್ತಿದ್ದ. ಅಮ್ಮ ಈಚೆ, ಚಾಪೆಯ ಮೇಲೆ, ಪಕ್ಕದ ಓಣಿಗೆ ತೆರೆಯುವ ಕಿಟಕಿಯ ಬೆಳಕಿಗೆ. ಗುಂಡಿ, ಕಾಜ, ಅಂಚು ಮಡಚುವುದು, ಹೂ ಹಾಕುವುದು, ಅಂದರೆ ಬಣ್ಣದ ನೂಲಿನಲ್ಲಿ ರವಿಕೆಯ ತೋಳಿಗೂ ಕತ್ತಿಗೂ ಕಸೂತಿ ಮಾಡುವುದು, ಎಲ್ಲ ಅಮ್ಮನದೇ. ಅಪ್ಪ ಪರದೆಯ ಅಡಿಯಿಂದ ಬಟ್ಟೆ ತಳ್ಳುತ್ತಿದ್ದ. ಅಮ್ಮ ಕೆಲಸ ಮುಗಿಸಿ ಅಲ್ಲಿಂದಲೇ ತಿರುಗಿ ತಳ್ಳುತ್ತಿದ್ದಳು. ಗಿರಾಕಿಗಳಿಗೆ ಕಾಣುತ್ತಿದ್ದದ್ದು ಅಪ್ಪ ಒಬ್ಬನೇ.

ಅಪ್ಪನಿಗೆ ಏನೂ ಬರುತ್ತಿರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಕತ್ತರಿ ಅವನ ಕೈಯಲ್ಲಿ ಮಾತು ಕೇಳುತ್ತಿತ್ತು. ಬುಗ್ಗೆ ತೋಳಿನ ಕಾಲ ಮುಗಿದು ಮೈಗಂಟುವ ಗಿಡ್ಡ ತೋಳು ಬಂದ ವರ್ಷಗಳು ಅವು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಎಂಜಿನಿಯರುಗಳ ಹೆಂಡಂದಿರು ತೋಳೇ ಇಲ್ಲದ ರವಿಕೆ ತೊಟ್ಟು ಪೇಟೆಯಲ್ಲಿ ಓಡಾಡಿದಾಗ ಇಡೀ ಸಾಗರ ಬಾಯಿ ಬಿಟ್ಟುಕೊಂಡು ನೋಡಿತು. ಅಪ್ಪ ಬಾಯಿ ಬಿಡಲಿಲ್ಲ. ಒಂದೇ ಒಂದು ಸಲ ದೂರದಿಂದ ನೋಡಿ ಬಂದು ಕಾಗದದ ಮೇಲೆ ಆ ಕಂಕುಳ ತಿರುವನ್ನು ಗೀಚಿ ಕತ್ತರಿಸಿದ. ಅಳತೆಗೆ ಅಂತ ಒಂದು ಹಳೆ ರವಿಕೆ ಕೊಟ್ಟು ಕಳಿಸಿದರೆ ಸಾಕು, ಅದನ್ನು ತೊಟ್ಟವಳ ಮೈಕಟ್ಟು ಹೀಗೇ ಎಂದು ತಿಳಿಯುತ್ತಿದ್ದ. ಇಷ್ಟನ್ನು ಅವನ ಬಗ್ಗೆ ಒಪ್ಪಿಕೊಳ್ಳುತ್ತೇನೆ. ಆದರೆ ಜನ ತೀರ್ಥಹಳ್ಳಿಯಿಂದ, ಹೊಸನಗರದಿಂದ ಬಸ್ಸು ಹತ್ತಿ ನಮ್ಮ ಗಲ್ಲಿ ಹುಡುಕಿಕೊಂಡು ಬರುತ್ತಿದ್ದದ್ದು ಅವನ ಕತ್ತರಿಗಲ್ಲ, ಹೂವಿಗೆ. ‘ಹೂವಿನ ಮಾಸ್ತರು’ ಎಂದೇ ಅವನಿಗೆ ಹೆಸರು ಬಿದ್ದಿತ್ತು. ಆ ಹೆಸರು ಕೇಳಿದಾಗ ಅವನು ತಲೆ ತಗ್ಗಿಸಿ ನಾಚಿಕೊಂಡವನ ಹಾಗೆ ನಗುತ್ತಿದ್ದ. ಆ ನಾಚಿಕೆ ನೆನೆದರೆ ನನಗೆ ಇವತ್ತಿಗೂ ಎದ್ದು ಹೋಗಿ ಎರಡು ಮಾತು ಬೈಯಬೇಕು ಅನ್ನಿಸುತ್ತದೆ.

ಅಮ್ಮ ಹೂ ಹಾಕಲು ಕೂರುವ ಮೊದಲು ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ಬಟ್ಟೆಯ ಪಟ್ಟಿ ತಂದು ಅವಳ ಎರಡೂ ಕೈಯ ಬಳೆಗಳನ್ನು ಬಿಗಿದು ಕಟ್ಟುತ್ತಿದ್ದಳು. ಬಳೆ ಸದ್ದು ಮಾಡಬಾರದು. ಮಾಡಿದರೆ ಪರದೆಯ ಹಿಂದೆ ಹೆಂಗಸು ಕೂತು ಕೆಲಸ ಮಾಡುತ್ತಿದ್ದಾಳೆ ಎಂದು ಗಿರಾಕಿಗಳಿಗೆ ಗೊತ್ತಾಗಿಬಿಡುತ್ತದಲ್ಲ! ಸಂಜೆ ಪಟ್ಟಿ ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಬಳೆಯ ಗುರುತು ಸಾಲು ಸಾಲಾಗಿ ಕೆಂಪಗೆ ಕೂತಿರುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ತೂತು ಬಿದ್ದಿದ್ದರಿಂದ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದರೆ ಅವಳಿಗೆ ಜೀವ ಹೋದ ಹಾಗಾಗುತ್ತಿತ್ತು. ಮರದ ಸೌಟಿನಲ್ಲಿ ಮಿಡಿ ತೆಗೆಯುತ್ತಿದ್ದಳು. ಅಜ್ಜಿಗೆ ಅದೂ ಒಂದು ಕೊರತೆ.

“ಕೈಯಲ್ಲಿ ತೆಗ್ದ್ರೆ ಎಂತಾಗ್ತದೆ ಇವ್ಳಿಗೆ? ದೊರೆಸಾನಿ!”

ಅಪ್ಪ ಬಡಿಸಿದ್ದನ್ನು ಉಣ್ಣುತ್ತಿದ್ದ. ಆ ಬೆರಳು ಯಾಕೆ ಹಾಗಾಗಿವೆ ಎಂದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಅಮ್ಮನ ಹೆಚ್ಚುಗಾರಿಕೆ ಸೀತಾಳೆ ದಂಡೆ. ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಕಡೆಯ ಮರಗಳ ಕೊಂಬೆಗೆ ಜೋತುಬಿದ್ದು ಅರಳುವ ಹೂ ಅದು. ಬಿಳಿ, ಅದರೊಳಗೆ ತಿಳಿ ನೇರಳೆ ಚುಕ್ಕೆ, ಒಂದೊಂದು ಗೊಂಚಲೂ ಗೇಣುದ್ದ. ಹೆಂಗಸರು ಅದನ್ನು ಹಾಗೇ ಜಡೆಗೆ ಸುತ್ತಿಕೊಳ್ಳುತ್ತಾರೆ. ಆಗ ಎಲ್ಲ ಕಡೆಯೂ ರವಿಕೆಗೆ ಹಾಕುತ್ತಿದ್ದದ್ದು ಮಾವಿನಕಾಯಿ, ಕಮಲ, ನವಿಲು, ಇಲ್ಲವೇ ಯಾವುದೋ ಪುಸ್ತಕದಲ್ಲಿ ಬಂದ ಗುಲಾಬಿ. ಅಮ್ಮ ಒಬ್ಬಳೇ ತೋಳಿನ ಸುತ್ತ ಸೀತಾಳೆ ದಂಡೆ ಹಾಕುತ್ತಿದ್ದಳು. ದಳಕ್ಕೆ ಬಿಳಿ ರೇಷ್ಮೆ ನೂಲಿನ ತುಂಬು ಹೊಲಿಗೆ, ಚುಕ್ಕೆಗೆ ನೇರಳೆ ನೂಲಿನ ಸಣ್ಣ ಸಣ್ಣ ಗಂಟು. ಯಾರು ಹೇಳಿಕೊಟ್ಟರು ಎಂದು ಕೇಳಿದರೆ “ಯಾರು ಹೇಳ್ಕೊಡ್ತಾರೆ? ಹೂ ನೋಡ್ದೆ, ಹಾಕ್ದೆ” ಎನ್ನುತ್ತಿದ್ದಳು. ಬಟ್ಟೆಯನ್ನು ಮಗುಚಿದರೆ ಹಿಂಬದಿಯಲ್ಲಿ ಒಂದು ನೂಲು ಜೋತು ಬಿದ್ದಿರುತ್ತಿರಲಿಲ್ಲ. ಅಪ್ಪ ಗಿರಾಕಿಗಳಿಗೆ ಮೊದಲು ಹಿಂಬದಿಯನ್ನೇ ತಿರುಗಿಸಿ ತೋರಿಸುತ್ತಿದ್ದ. “ಇದು ನೋಡಿ, ಇದು ಕೆಲಸ” ಎನ್ನುತ್ತಿದ್ದ. ಯಾರ ಕೆಲಸ ಎಂದು ಅವನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಐವತ್ತು ವರ್ಷ ನಾನು ವಸ್ತು ಸಂಗ್ರಹಾಲಯಗಳಲ್ಲಿ, ದೊಡ್ಡವರ ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಬಟ್ಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ತೊಟ್ಟವರ ಹೆಸರು ಸಿಗುತ್ತದೆ, ಕೊಡಿಸಿದವರ ಹೆಸರು ಸಿಗುತ್ತದೆ. ಹಾಕಿದವಳ ಹೆಸರು ಸಿಗುವುದಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ಮನೆತನದ ಗೌಡತಿಯಮ್ಮ ನಮ್ಮ ಅಂಗಡಿಗೆ ಬಂದರು. ಒಬ್ಬಳೇ ಮಗಳ ಮದುವೆ. ಧಾರೆಯ ಹೊತ್ತಿಗೆ ತೊಡುವ ರೇಷ್ಮೆ ರವಿಕೆಗೆ ಸೀತಾಳೆ ದಂಡೆ ಆಗಬೇಕು, ತೋಳಿಗೂ ಬೆನ್ನಿಗೂ. ಎಂಟು ದಿನದಲ್ಲಿ ಬೇಕು.

“ಮಾಸ್ತ್ರೇ, ಧಾರೆ ರವಿಕೆ ಇದು. ಬೇರೆ ಯಾರ ಕೈಗೂ ಕೊಡ್ಬೇಡಿ. ನೀವೇ ಹಾಕ್ಬೇಕು” ಎಂದರು.

“ನಾನೇ ಹಾಕ್ತೀನಿ ಅಮ್ಮ. ಬೇರೆ ಯಾರಿದಾರೆ ನಮ್ಮಲ್ಲಿ?” ಎಂದ ಅಪ್ಪ. ಪರದೆಯ ಈಚೆ ಅಮ್ಮ ಸೂಜಿಗೆ ನೂಲು ಪೋಣಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ. ಅವಳ ಮುಖ ನೋಡಿದೆ. ಏನೂ ಆಗದವಳ ಹಾಗೆ ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು.

ತೋಳುಗಳನ್ನು ಮುಗಿಸುವ ಹೊತ್ತಿಗೆ ಐದನೆಯ ದಿನ ಬಂತು. ಬೆನ್ನಿನ ಹೂ ಪೂರ್ತಿ ಬಾಕಿ. ಆವತ್ತು ಬೆಳಿಗ್ಗೆ ಅಮ್ಮ ಹೊರಗಾದಳು. ನಮ್ಮ ಮನೆಯಲ್ಲಿ ತಿಂಗಳ ಆ ಮೂರು ದಿನ ಅವಳು ಸೌದೆ ಕೋಣೆಯಲ್ಲೇ ಇರಬೇಕು. ಬಾವಿ ಮುಟ್ಟುವ ಹಾಗಿಲ್ಲ, ಒಲೆಯ ಕಡೆ ಬರುವ ಹಾಗಿಲ್ಲ, ಊಟವನ್ನೂ ದೂರದಿಂದ ನೂಕಿ ಕೊಡುವುದು. ಗಿರಾಕಿಗಳ ಬಟ್ಟೆ ಮುಟ್ಟುವ ಮಾತು ದೂರವೇ ಉಳಿಯಿತು, ಅದರಲ್ಲೂ ಧಾರೆಗೆ ಹೋಗುವ ಬಟ್ಟೆ! ಅಪ್ಪ ಅಡಿಗೆಮನೆಗೆ ಬಂದು ತಲೆಗೆ ಕೈ ಹೊತ್ತು ಕೂತ. ಆ ಮನೆಗೆ ಕೊಟ್ಟ ಮಾತು ತಪ್ಪಿದರೆ ತೀರ್ಥಹಳ್ಳಿ ಕಡೆಯ ಒಂದು ಮದುವೆಯ ಬಟ್ಟೆಯೂ ಇನ್ನು ಈ ಗಲ್ಲಿಗೆ ಬರುವುದಿಲ್ಲ ಎಂದ. ಮಡಿಯ ವಿಷಯದಲ್ಲಿ ದೇವರಿಗೇ ಬುದ್ಧಿ ಹೇಳುವಂಥ ನಮ್ಮ ಅಜ್ಜಿ ತೀರ್ಪು ಕೊಟ್ಟಳು.

“ರೇಷ್ಮೆಗೆ ಎಂತ ಮೈಲಿಗೆ? ಬಟ್ಟೇನೂ ರೇಷ್ಮೆ, ನೂಲೂ ರೇಷ್ಮೆ. ಹಾಕ್ಲಿ. ಬಟ್ಟೆ ಬಿಗಿಯೋ ರಿಂಗು ಮರದ್ದು, ಆಮೇಲೆ ತೊಳ್ದ್ರಾಯ್ತು.”

“ಸೂಜಿ?” ಎಂದ ಅಪ್ಪ.

“ಸೂಜಿನ ಬೆಂಕಿಗೆ ಹಿಡಿ. ಎಲ್ಲ ನಾನೇ ಹೇಳ್ಕೊಡ್ಬೇಕಾ?”

ನೋಡಿ ಹೇಗಿದೆ! ಒಂದು ಚೊಂಬು ನೀರು ಮುಟ್ಟಬಾರದವಳು ರೇಷ್ಮೆ ಮುಟ್ಟಬಹುದು. ಅವಳು ಬಾಯಾರಿ ಕೂತರೆ ನೀರನ್ನು ಮೇಲಿಂದ ಹೊಯ್ಯಬೇಕು, ಆದರೆ ಅಂಗಡಿಯ ಮಾನ ಉಳಿಸುವ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯಬಹುದು. ಮೈಲಿಗೆಯ ಶಾಸ್ತ್ರವನ್ನೆಲ್ಲ ಓದಿಕೊಂಡವರು ಯಾರಾದರೂ ಇದ್ದರೆ ಬಂದು ನನಗೆ ಇದನ್ನು ವಿವರಿಸಲಿ, ಕೇಳಲು ನಾನು ತಯಾರಿದ್ದೇನೆ. ನನಗೊಂದು ಹಳೆಯ ರೇಷ್ಮೆ ಲಂಗ ಉಡಿಸಿದರು. ರೇಷ್ಮೆ ಉಟ್ಟ ಮಗು ಹೊರಗಾದವಳನ್ನು ಮುಟ್ಟಿದರೂ ದೋಷವಿಲ್ಲವಂತೆ. ನಡುಮನೆಯಿಂದ ಸೌದೆ ಕೋಣೆಗೆ ನೂಲು ಒಯ್ಯುವುದು, ಬಟ್ಟೆ ತರುವುದು ನನ್ನ ಕೆಲಸವಾಯಿತು. ಸ್ಕೂಲಿಗೆ ಮೂರು ದಿನ ರಜೆ.

ಆ ಮೂರು ದಿನ ನನ್ನ ಬಾಲ್ಯದ ಅತಿ ಸಂತೋಷದ ದಿನಗಳು. ಇದನ್ನು ಹೇಳಲು ನನಗೆ ನಾಚಿಕೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ, ಆದರೆ ನಿಜ. ಸೌದೆ ಕೋಣೆ ಅಂಗಡಿಯಿಂದ ದೂರ. ಅಲ್ಲಿ ಬಳೆ ಕಟ್ಟಬೇಕಾಗಿರಲಿಲ್ಲ. ಹೂ ಹಾಕುವ ಅಮ್ಮನ ಕೈ ಆಡಿದಂತೆಲ್ಲ ಬಳೆ ಸದ್ದು ಮಾಡುತ್ತಿದ್ದದ್ದನ್ನು ನಾನು ಮೊದಲ ಸಲ ಕೇಳಿದೆ. ಬಾಗಿಲಿಗೆ ಅಡ್ಡ ಕೂತು ಹಿತ್ತಿಲ ಬೆಳಕಿಗೆ ರಿಂಗು ಹಿಡಿದುಕೊಂಡು ಅವಳು ಬಾಯಿ ತುಂಬ ಮಾತಾಡಿದಳು. ತನ್ನ ತವರಿನ ಹಲಸಿನ ಮರದ ವಿಷಯ, ಮದುವೆಯ ದಿನ ತಾನು ತೊಟ್ಟ ರವಿಕೆ ಕಂಕುಳಲ್ಲಿ ಹರಿದ ವಿಷಯ. ಹೇಳಿ ಹೇಳಿ ತಾನೇ ನಕ್ಕಳು. ಗಂಟು ಹಾಕುವಾಗ ಸೂಜಿಗೆ ನೂಲನ್ನು ಎಷ್ಟು ಸುತ್ತು ಸುತ್ತಬೇಕು ಎಂದು ತೋರಿಸಿದಳು. ನೇರಳೆಯಲ್ಲಿ ಎರಡು ಬಗೆಯ ನೂಲಿದ್ದವು, ಯಾವುದು ಎಂದು ನನ್ನನ್ನು ಕೇಳಿ ನಾನು ಹೇಳಿದ್ದನ್ನೇ ಹಾಕಿದಳು. ಮೂರನೆಯ ದಿನ ಮಧ್ಯಾಹ್ನ ಕೊನೆಯ ಗೊಂಚಲು ಮುಗಿಯಿತು. ಅವಳು ಬಟ್ಟೆಯನ್ನು ದೂರ ಹಿಡಿದು ನೋಡಿದಳು. ಆಮೇಲೆ, ನನಗೆ ಹೇಳಿದಳೋ ತನಗೆ ತಾನೇ ಹೇಳಿಕೊಂಡಳೋ,

“ಇದನ್ನ ಹಾಕ್ಕೊಳೋ ಹುಡ್ಗಿಗೆ ಇದು ಯಾರ ಕೈದು ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು, ಅಲ್ವನೇ?” ಎಂದಳು.

ನನಗೆ ಎಂಟು ವರ್ಷ. ಅಮ್ಮ ತನಗಾಗಿ ನನ್ನನ್ನು ಏನನ್ನೂ ಕೇಳಿದವಳಲ್ಲ. ಇದನ್ನು ಕೇಳಿದಳು ಎಂದುಕೊಂಡೆ. ಮಾಡಿಕೊಡಬೇಕು ಎಂದುಕೊಂಡೆ.

ಮರುದಿನ ಗೌಡತಿಯಮ್ಮ ಬಂದರು. ಹಿಂದೆ ಆಳು, ಅವನ ಕೈಯಲ್ಲಿ ತಟ್ಟೆ. ಧಾರೆ ರವಿಕೆ ಹೊಲಿದವರ ಕೈಗೆ ವೀಳ್ಯ ಕೊಟ್ಟು ಶಲ್ಯ ಹೊದಿಸಿಯೇ ಬಟ್ಟೆ ಒಯ್ಯುವುದು ಅವರ ಮನೆಯ ಪದ್ಧತಿಯಂತೆ. ಅಪ್ಪ ರವಿಕೆಯನ್ನು ಬಿಚ್ಚಿ ತೋರಿಸಿದ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

“ಏನು ಹೂ ಹಾಕಿದೀರಿ ಮಾಸ್ತ್ರೇ! ಈಗ ತಾನೇ ಮರದಿಂದ ಕಿತ್ತ ಹಾಗಿದೆಯಲ್ರೀ! ಎಲ್ಲಿ, ಆ ಕೈ ಮುಂದೆ ಚಾಚಿ.”

ಅಪ್ಪ ಎರಡೂ ಕೈ ಚಾಚಿದ. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಅಮ್ಮ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದಳು. ನಾನು ಅಂಗಡಿಗೆ ಓಡಿ ಅವರ ಮುಂದೆ ನಿಂತೆ.

“ಅಪ್ಪ ಅಲ್ಲ, ಅಮ್ಮ ಹಾಕಿದ್ದು! ಅಪ್ಪಂಗೆ ಹೂ ಹಾಕಕ್ಕೆ ಬರಲ್ಲ. ಅಮ್ಮ ಸೌದೆ ಕೋಣೇಲಿ ಹೊರಗೆ ಕೂತಿದ್ದಾಗ ಮೂರೂ ದಿನ ಹಾಕಿದ್ಳು. ನಾನೇ ನೂಲು ಕೊಟ್ಟಿದ್ದು!”

ಎಷ್ಟು ಹೆಮ್ಮೆಯಿಂದ ಹೇಳಿದೆ! ನೂಲು ಕೊಟ್ಟದ್ದನ್ನೂ ಸೇರಿಸಿದೆ ನೋಡಿ. ಗೌಡತಿಯಮ್ಮನ ಕೈಯಿಂದ ರವಿಕೆ ಬೆಂಚಿನ ಮೇಲೆ ಬಿತ್ತು.

“ಹೊರಗೆ ಕೂತಿದ್ದಾಗಲಾ? ಧಾರೆ ರವಿಕೆನಾ?” ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. ಅವರು ಕೆಟ್ಟವರೇನಲ್ಲ, ನಿಜವಾಗಿಯೂ ಹೆದರಿದ್ದರು, ಮಗಳಿಗೆ ಏನಾಗಿಬಿಡುತ್ತದೋ ಎಂದು.

ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು. “ಬಾಯಿ ಬಿಟ್ರೆ ಬರೀ ಸುಳ್ಳು ಹೇಳುತ್ತೆ ಅಮ್ಮ ಇದು. ನಾನೇ ಹಾಕಿದ್ದು, ದೇವರಾಣೆ” ಎಂದು ಮೆಷಿನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಷ್ಟು ಸಾಲದು ಎಂದು ಪರದೆಯ ಕಡೆ ತಿರುಗಿ ಕೂಗಿದ.

“ಏಯ್, ನೀನೇ ಹೇಳು ಇವ್ರಿಗೆ. ಯಾರು ಹಾಕಿದ್ದು ಹೂವ?”

ಪರದೆ ಅಲ್ಲಾಡಲಿಲ್ಲ. ಆಮೇಲೆ ಅಮ್ಮನ ದನಿ ಬಂತು.

“ಅವರೇ.”

ಗೌಡತಿಯಮ್ಮ ಉಸಿರು ಬಿಟ್ಟರು. ಅಜ್ಜಿ ಒಳಗಿನಿಂದ ಬಂದು, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ನಡೆಯುವುದುಂಟೇ, ನಾನು ಬದುಕಿರುವಾಗ ಅದು ಸಾಧ್ಯವೇ ಎಂದು ಎದೆ ತಟ್ಟಿಕೊಂಡಳು. ರೇಷ್ಮೆಗೆ ಮೈಲಿಗೆ ಇಲ್ಲ ಎಂದ ಅದೇ ಬಾಯಿ! ಗೌಡತಿಯಮ್ಮ ರವಿಕೆಯ ಮೇಲೆ ತುಳಸಿ ನೀರು ಚಿಮುಕಿಸಿಕೊಂಡು ಮಡಚಿ ಇಟ್ಟುಕೊಂಡರು. ಅಪ್ಪನ ಕೈಗೆ ವೀಳ್ಯ ಕೊಟ್ಟರು, ಹೆಗಲಿಗೆ ಶಲ್ಯ ಹೊದಿಸಿದರು. ಅವರು ಹೋದ ಮೇಲೆ ಅಪ್ಪ ಆ ಶಲ್ಯವನ್ನು ಹೊದ್ದುಕೊಂಡೇ ಊಟಕ್ಕೆ ಬಂದ. ಅಮ್ಮ ಬಡಿಸಿದಳು. ಅವನು ಕ್ಷಮೆ ಕೇಳುವುದು ಹೋಗಲಿ, ಅವಳ ಮುಖವನ್ನೂ ನೋಡಲಿಲ್ಲ. ಕೆಸುವಿನ ಸೊಪ್ಪಿನ ಸಾರು ಚೆನ್ನಾಗಿದೆ ಎಂದ.

ಮಾರನೆಯ ದಿನ ಅಪ್ಪ ಪರದೆಯ ಅಡಿಯಿಂದ ಒಂದು ರವಿಕೆ ತಳ್ಳಿದ. ಅದು ಅಲ್ಲೇ ಬಿದ್ದಿತ್ತು. ಅಜ್ಜಿ ಬಳೆ ಕಟ್ಟುವ ಪಟ್ಟಿ ಹಿಡಿದುಕೊಂಡು ಬಂದಳು. ಅಮ್ಮ ಚಾಪೆಯ ಮೇಲಿರಲಿಲ್ಲ, ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಹೂ ಹಾಕದು ಯಾರು?” ಎಂದಳು ಅಜ್ಜಿ.

“ಅವರೇ ಅಲ್ವಾ ಹಾಕೋದು? ಅವರೇ ಹಾಕ್ಲಿ” ಎಂದಳು ಅಮ್ಮ. ಕಲ್ಲು ಆರಿಸಿ ಪಕ್ಕಕ್ಕೆ ಎಸೆದಳು.

ಗುಂಡಿ ಹಾಕಿದಳು, ಕಾಜ ಮಾಡಿದಳು, ಅಂಚು ಮಡಚಿದಳು. ಹೂವಿಗೆ ಮಾತ್ರ ಸೂಜಿ ಎತ್ತಲಿಲ್ಲ. ಅಪ್ಪ ಮೊದಲು ಗದರಿದ, ಆಮೇಲೆ ಊಟ ಬಿಟ್ಟ. ಅಮ್ಮ ಅವನ ತಟ್ಟೆಯನ್ನು ಎತ್ತಿಟ್ಟು ತಾನು ಉಂಡಳು! ಕೊನೆಗೆ ಬೇಡಿಕೊಂಡ. ಅಜ್ಜಿ ಅವಳ ತವರನ್ನು ಮೂರು ತಲೆಮಾರಿನವರೆಗೆ ಎಳೆದು ತಂದಳು. ಏನೂ ನಡೆಯಲಿಲ್ಲ. ಬೇರೆ ದಾರಿ ಕಾಣದೆ ಅಪ್ಪ ತಾನೇ ರಿಂಗು ಹಿಡಿದು ಕೂತ. ಎರಡು ದಿನ ತಿಣುಕಿ ಒಂದು ತೋಳಿಗೆ ಸೀತಾಳೆ ದಂಡೆ ಹಾಕಿದ. ಅದು ಕಂಬಳಿ ಹುಳದ ಹಾಗಿತ್ತು. ನಾನು ನಕ್ಕುಬಿಟ್ಟೆ. ಅವನು ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. ಆವತ್ತಿನ ಏಟಿನಿಂದ ನಾನು ಅಂಗಡಿ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಯಾರಾದರೂ ಹೆಸರು ಕೇಳಿದರೂ ಅಪ್ಪನ ಮುಖ ನೋಡಿ ಹೇಳುತ್ತಿದ್ದೆ.

ಆ ಕಂಬಳಿ ಹುಳದ ರವಿಕೆ ಹೊಸನಗರದ ಶಾನುಭೋಗರ ಮನೆಗೆ ಹೋಗಿತ್ತು. ವಾರದೊಳಗೆ ಅವರ ಹೆಂಡತಿ ಅದನ್ನು ಹಿಡಿದುಕೊಂಡು ಬಸ್ಸಿಳಿದು ಬಂದರು. ಜಗಳ ಮಾಡುವವರಲ್ಲ, ಮೆತ್ತಗಿನ ಹೆಂಗಸು. ಬೆಂಚಿನ ಮೇಲೆ ರವಿಕೆ ಹರಡಿ ಕೇಳಿದರು.

“ಎಂತ ಮಾಸ್ತ್ರೇ, ಕೈ ಗಿಯ್ ನೋವಾ? ನಿಮ್ಮ ಕೆಲಸದ ಹಾಗೆ ಕಾಣಲ್ಲ ಇದು.”

“ಹೌದಮ್ಮ, ಬೆರಳಿಗೆ ಸ್ವಲ್ಪ ಏಟಾಗಿತ್ತು. ಬಿಚ್ಚಿ ಬೇರೆ ಹಾಕ್ಕೊಡ್ತೀನಿ” ಎಂದ ಅಪ್ಪ.

ಆಗ ಪರದೆ ಸರಿಯಿತು. ನಾನು ಹುಟ್ಟಿದ ಮೇಲೆ ಅಮ್ಮ ಅಂಗಡಿ ಹೊತ್ತಿನಲ್ಲಿ ಆ ಬಾಗಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಸೆರಗು ಹೊದ್ದು ಬಂದು ಅವರ ಎದುರು ನಿಂತಳು. ಬಳೆ ಕಟ್ಟಿರಲಿಲ್ಲ.

“ಅವರಿಗೆ ಹೂ ಹಾಕಕ್ಕೆ ಬರಲ್ಲ ಅಮ್ಮ. ಇಷ್ಟು ವರ್ಷ ಹಾಕಿದ್ದು ನಾನು. ನೀವು ಇಷ್ಟಪಟ್ಟಿದ್ದೆಲ್ಲ ನನ್ನ ಕೈದು. ನನ್ನ ಕೈದು ಅಂತ ಇವ್ರು ನಿಮ್ಮ ಮುಂದೆ ಒಂದು ಸಲ ಬಾಯಿಬಿಟ್ಟು ಹೇಳ್ಲಿ, ಇದನ್ನ ಬಿಚ್ಚಿ ನಾಳೆನೇ ಹಾಕ್ಕೊಡ್ತೀನಿ.”

ಒಂದು ಮಾತನ್ನೂ ನುಂಗಲಿಲ್ಲ. ಅವಳು ಬೇಡಿದ್ದು ಅಷ್ಟೇ ಅಲ್ಲವೇ? ಶಲ್ಯ ಬೇಡಲಿಲ್ಲ, ವೀಳ್ಯ ಬೇಡಲಿಲ್ಲ. ‘ಹೌದು’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು! ಅಪ್ಪ ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ಕೂತ. ಶಾನುಭೋಗರ ಹೆಂಡತಿ ಅವನನ್ನು ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು.

“ಹೌದೇನೇ ಮರಿ? ನಿಮ್ಮಮ್ಮನಾ ಹಾಕಿದ್ದು?”

ಅಮ್ಮ ನನ್ನ ಕಡೆ ನೋಡಿದಳು. ಅಪ್ಪನೂ ತಲೆಯೆತ್ತಿ ನೋಡಿದ. ನನಗೆ ಕೆನ್ನೆ ಬಿಸಿಯಾಯಿತು, ಯಾರೂ ಹೊಡೆದಿರಲಿಲ್ಲ.

“ನಂಗೊತ್ತಿಲ್ಲ” ಎಂದೆ.

ಶಾನುಭೋಗರ ಹೆಂಡತಿ ಅಯ್ಯೋ ಪಾಪ ಎನ್ನುವ ಹಾಗೆ ಅಮ್ಮನನ್ನು ಒಂದು ಸಲ ನೋಡಿ ರವಿಕೆಯನ್ನು ಚೀಲಕ್ಕೆ ಹಾಕಿಕೊಂಡರು. “ಇರ್ಲಿ ಬಿಡಿ ಮಾಸ್ತ್ರೇ, ನಿಮ್ಮ ಕೈ ವಾಸಿಯಾದ ಮೇಲೆ ಬರ್ತೀನಿ” ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮತ್ತೆ ಬರಲಿಲ್ಲ. ನಮ್ಮ ಅಂಗಡಿಗೆ ಆಮೇಲೆ ಹೂವಿನ ಗಿರಾಕಿಗಳು ಯಾರೂ ಬರಲಿಲ್ಲ. ಅಪ್ಪ ಸ್ಕೂಲು ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತ ಮುದುಕನಾದ. ಅಮ್ಮ ಸಾಯುವವರೆಗೂ ಒಂದು ದಳವನ್ನೂ ಹಾಕಲಿಲ್ಲ. ನನ್ನ ಮದುವೆಗೂ ಹಾಕಲಿಲ್ಲ, ನಾನೂ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಅಪ್ಪನನ್ನು ನಾನು ಬೈದಿದ್ದೇನೆ, ಅವನು ಇದ್ದಾಗಲೂ, ಹೋದ ಮೇಲೂ. ಅಜ್ಜಿಯನ್ನು ಬೈದಿದ್ದೇನೆ. ಹೆಸರಿಲ್ಲದ ಹೊಲಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವ ಪಂಡಿತರನ್ನೆಲ್ಲ ಪುಸ್ತಕಗಳಲ್ಲಿ ಬೈದಿದ್ದೇನೆ. ಓದಿದವರು ನನ್ನನ್ನು ಜಗಳಗಂಟಿ ಎನ್ನುತ್ತಾರೆ, ಅನ್ನಲಿ. ಶಾನುಭೋಗರ ಹೆಂಡತಿ ಬಂದು ಹೋದ ಆ ಮಧ್ಯಾಹ್ನ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಎಂದಿನಂತೆ ನನ್ನ ತಲೆ ಬಾಚಿದಳು. ಬೈಯುತ್ತಾಳೆ ಎಂದು ನಾನು ಕುತ್ತಿಗೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವಳು ಸಿಕ್ಕು ಬಿಡಿಸಿ ಎರಡು ಜಡೆ ಹೆಣೆಯುತ್ತಿದ್ದಳು. ಕೊನೆಗೆ ತಡೆಯಲಾರದೆ ನಾನೇ ಅತ್ತುಬಿಟ್ಟೆ.

“ಹೆದ್ರಿಕೆ ಆಯ್ತಮ್ಮ” ಎಂದೆ.

“ಗೊತ್ತು ಮಗ. ಆವತ್ತು ಪರದೆ ಹಿಂದೆ ನಂಗೂ ಆಗಿತ್ತು” ಎಂದಳು. ಜಡೆಯ ತುದಿಗೆ ಟೇಪು ಕಟ್ಟಿ, ಎದ್ದು ಹೋಗಿ ಆಡಿಕೋ ಎಂದಳು.

ಬೆನ್ನಿಗೆ ಎರಡು ಗುದ್ದಿದ್ದರೆ ನಾನು ಅತ್ತು ಮರೆತುಬಿಡುತ್ತಿದ್ದೆ. ಈ ಪುಸ್ತಕಗಳಲ್ಲಿ ಒಂದನ್ನೂ ಬರೆಯುತ್ತಿರಲಿಲ್ಲ.